ಈಕ್ವಲೈಸರ್ ಮುಟ್ಟುವ ಮೊದಲು

ಶಿವಮೊಗ್ಗ, ಭದ್ರಾವತಿಗಳ ಹಳೆಯ ಮನೆಗಳ ನಡುಮನೆಯಲ್ಲೋ ಅಟ್ಟದ ಮೇಲೋ ಎಪ್ಪತ್ತು, ಎಂಬತ್ತರ ದಶಕದ ಜೋಡಿ ಸ್ಪೀಕರ್ ಪೆಟ್ಟಿಗೆಗಳು ಇನ್ನೂ ಉಳಿದಿವೆ. ಫಿಲಿಪ್ಸ್, ಕಾಸ್ಮಿಕ್, ಸೋನೋಡೈನ್ ಹೆಸರಿನವು ಕೆಲವು. ಬಿಡಿ ವೂಫರ್, ಟ್ವೀಟರ್ ತರಿಸಿ ಊರಿನ ಬಡಗಿಯ ಕೈಯಲ್ಲಿ ಪೆಟ್ಟಿಗೆ ಮಾಡಿಸಿಕೊಂಡವು ಕೆಲವು. ಧೂಳು ಒರೆಸಿ, ಒಂದು ಆಂಪ್ಲಿಫೈಯರ್‌ಗೆ ಜೋಡಿಸಿ, ಫೋನಿನಿಂದ ಹಾಡು ಹಾಕಿದ ಕೂಡಲೇ ಎರಡು ದೂರು ಹುಟ್ಟುತ್ತವೆ: ಬೇಸು ಗುಂಯ್‌ಗುಡುತ್ತದೆ, ಟ್ರೆಬಲ್ ಸತ್ತುಹೋಗಿದೆ. ಆಗ ಕೈ ಹೋಗುವುದು ಈಕ್ವಲೈಸರ್‌ಗೆ. ಎರಡು ತುದಿಯ ಗುಂಡಿಗಳನ್ನು ಮೇಲೇರಿಸುವುದು, ನಡುವಿನವನ್ನು ಕೆಳಗಿಳಿಸುವುದು. ಮೊದಲ ಐದು ನಿಮಿಷ ಹಾಡು ಹೊಳೆಯುತ್ತದೆ. ಒಂದು ಗಂಟೆ ಕೇಳಿದರೆ ತಲೆ ಭಾರ, ಒಂದು ವರ್ಷ ಕೇಳಿದರೆ ವೂಫರ್ ಹಾಳು. ಹೀಗಾಗುವುದಕ್ಕೆ ಈಕ್ವಲೈಸರ್ ಕೆಟ್ಟ ವಸ್ತುವಾಗಿರುವುದು ಕಾರಣವಲ್ಲ, ಅದನ್ನು ಮೂರು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಮದ್ದಾಗಿ ಕೊಟ್ಟದ್ದು ಕಾರಣ. ಸ್ಪೀಕರ್ ಮುಪ್ಪಾಗಿರುವುದು ಒಂದು, ಕೋಣೆ ತಪ್ಪು ನುಡಿಸುವುದು ಇನ್ನೊಂದು, ಧ್ವನಿಮುದ್ರಣವೇ ಹಾಗಿರುವುದು ಮತ್ತೊಂದು. ಮೊದಲನೆಯದಕ್ಕೆ ದುರಸ್ತಿ ಬೇಕು. ಎರಡನೆಯದಕ್ಕೆ ಪೆಟ್ಟಿಗೆಯ ಜಾಗ ಬದಲಾಗಬೇಕು, ಆಮೇಲೆ ಈಕ್ವಲೈಸರ್ ಬರಬೇಕು, ಅದೂ ಏರಿಸುವುದಕ್ಕಿಂತ ಇಳಿಸುವುದಕ್ಕಾಗಿ. ಮೂರನೆಯದಕ್ಕೆ ಆಂಪ್ಲಿಫೈಯರ್‌ನ ಮುಂದಿರುವ ಎರಡು ಗುಂಡಿ ಸಾಕು.

ಹಳೆಯ ಸ್ಪೀಕರ್‌ಗಳನ್ನು ಪ್ರೀತಿಸುವವರು ಇಲ್ಲಿ ಮೊದಲ ಆಕ್ಷೇಪ ಎತ್ತುತ್ತಾರೆ. ಯಾವ ತಿದ್ದುಪಡಿಯೂ ಬೇಡ, ಮೂಲ ಧ್ವನಿ ಇದ್ದ ಹಾಗೇ ಇರಲಿ, ಈಕ್ವಲೈಸರ್ ಎಂದರೆ ಕಲಬೆರಕೆ ಎನ್ನುವುದು ಅವರ ವಾದ. ಇದರ ಹಿಂದಿರುವ ಗೌರವ ದೊಡ್ಡದು. ಆದರೆ ತಿದ್ದುಪಡಿ ಇಲ್ಲದ ಧ್ವನಿ ಎಂಬುದು ಆ ಕಾಲದಲ್ಲೂ ಇರಲಿಲ್ಲ. ಎಲ್‌ಪಿ ತಟ್ಟೆಯನ್ನೇ ನೋಡಿ. ಬೇಸನ್ನು ಪೂರ್ತಿ ಬಲದಲ್ಲಿ ಕೊರೆದರೆ ಗೀರು ಪಕ್ಕದ ಗೀರಿಗೆ ನುಗ್ಗುತ್ತದೆಂದು ಅದನ್ನು ತಗ್ಗಿಸಿ, ಸೂಜಿಯ ಸರಪರ ಮುಚ್ಚಿಹೋಗಲೆಂದು ಟ್ರೆಬಲನ್ನು ಏರಿಸಿ ತಟ್ಟೆ ಕೊರೆಯುತ್ತಿದ್ದರು. ನುಡಿಸುವಾಗ ಆಂಪ್ಲಿಫೈಯರ್ ಅದನ್ನು ತಿರುಗುಮುರುಗು ಮಾಡುತ್ತದೆ. 1954ರಿಂದ ನೆಲೆಗೊಂಡ ಆರ್‌ಐಎಎ ವಕ್ರರೇಖೆಯ ಪ್ರಕಾರ 20 ಹರ್ಟ್ಜ್‌ನಲ್ಲಿ ಸುಮಾರು 19 ಡೆಸಿಬೆಲ್ ಏರಿಕೆ, 20,000 ಹರ್ಟ್ಜ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಕೆ. ಯಾವ ಮನೆಯ ಈಕ್ವಲೈಸರೂ ಇಷ್ಟು ಧೈರ್ಯ ಮಾಡುವುದಿಲ್ಲ. ಬೇಸ್, ಟ್ರೆಬಲ್ ಎಂಬ ಎರಡು ಗುಂಡಿಗಳ ಹಿಂದಿರುವ ಸರ್ಕ್ಯೂಟನ್ನು ಪೀಟರ್ ಬ್ಯಾಕ್ಸಂಡಾಲ್ 1952ರಲ್ಲೇ ಪ್ರಕಟಿಸಿದ್ದ, ಹೈ-ಫೈ ಎಂಬ ಹವ್ಯಾಸ ಬೆಳೆದದ್ದೇ ಆ ಗುಂಡಿಗಳ ಜೊತೆಗೆ. ಇನ್ನು ‘ಮೂಲ ಧ್ವನಿ’ಯ ವಿಚಾರ. ನಲವತ್ತು ವರ್ಷ ಒಣಗಿದ ಕೆಪಾಸಿಟರಿನ ಮೂಲಕ ಇಂದು ಬರುತ್ತಿರುವ ಧ್ವನಿಯನ್ನು ಆ ಪೆಟ್ಟಿಗೆಯ ವಿನ್ಯಾಸಕಾರ ಎಂದೂ ಕೇಳಿರಲಿಲ್ಲ. ಅವನ ಮೇಲೆ ಗೌರವ ಇದ್ದರೆ ಮೊದಲು ಪೆಟ್ಟಿಗೆಯನ್ನು ಅವನು ಬಿಟ್ಟ ಸ್ಥಿತಿಗೆ ಮರಳಿಸಬೇಕು.

ಈ ಸೀಮೆಯ ಕಿವಿಗಳು ಯಾವ ಧ್ವನಿಗೆ ಪಳಗಿದ್ದವು ಎಂಬುದೂ ಇಲ್ಲಿ ಮುಖ್ಯ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ದಶಕಗಳ ಕಾಲ ಮನೆಮನೆಗೆ ತಲುಪಿದ್ದು 675 ಕಿಲೋಹರ್ಟ್ಜ್‌ನ ಮಧ್ಯಮ ತರಂಗದಲ್ಲಿ. ನಮ್ಮ ಭಾಗದಲ್ಲಿ ಮಧ್ಯಮ ತರಂಗದ ನಿಲ್ದಾಣಗಳ ನಡುವಿನ ಅಂತರ 9 ಕಿಲೋಹರ್ಟ್ಜ್. ಆದ್ದರಿಂದ ರೇಡಿಯೊದಿಂದ ಹೊರಬರುತ್ತಿದ್ದ ಧ್ವನಿ ಸುಮಾರು 4,500 ಹರ್ಟ್ಜ್‌ಗೆ ಮುಗಿದುಹೋಗುತ್ತಿತ್ತು. ಎಫ್‌ಎಂ 15,000 ಹರ್ಟ್ಜ್‌ವರೆಗೆ ಹೋಗುತ್ತದೆ. ಮಧ್ಯಮ ತರಂಗದಲ್ಲಿ ಟ್ವೀಟರ್‌ಗೆ ಕೆಲಸವೇ ಇರಲಿಲ್ಲ, ಅದು ಸತ್ತಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಫೋನಿನ ಹಾಡು ಅದೇ ಪೆಟ್ಟಿಗೆಗೆ ಬಂದಾಗ ಆ ಸಾವು ಬಯಲಾಗುತ್ತದೆ. ಅಟ್ಟದಿಂದ ಇಳಿಸಿದ ಸ್ಪೀಕರ್ ‘ಈಗ ಕೆಟ್ಟಿದೆ’ ಎಂದು ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ದುರಸ್ತಿಯ ಮಾತಿಗೆ ಬರೋಣ. ವೂಫರಿನ ಶಂಕು, ಅಂದರೆ ಕೋನ್, ಕಾಗದದ ತಿರುಳಿನಿಂದ ಆದದ್ದು. ಅದನ್ನು ಹಿಡಿದಿರುವ ಚೌಕಟ್ಟು ಮತ್ತು ಅಯಸ್ಕಾಂತದ ಫಲಕಗಳು ಉಕ್ಕಿನವು. 1923ರಿಂದ ಕಬ್ಬಿಣ ಕರಗಿಸಿದ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಿಂದ ಕಾಗದ ಮಾಡಿದ ಭದ್ರಾವತಿಯವರಿಗೆ ಈ ಎರಡು ವಸ್ತುಗಳ ಸ್ವಭಾವವನ್ನು ಹೊಸದಾಗಿ ಹೇಳಬೇಕಿಲ್ಲ: ಉಕ್ಕು ತುಕ್ಕು ಹಿಡಿಯುತ್ತದೆ, ಕಾಗದ ನೀರು ಹೀರುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಕೋನಿನ ತೂಕ ಹೆಚ್ಚುತ್ತದೆ. ತೂಕ ಹತ್ತರಲ್ಲಿ ಒಂದು ಪಾಲು ಏರಿದರೆ ಅದರ ಸಹಜ ಅನುರಣನದ ಆವರ್ತನ ನೂರಕ್ಕೆ ಐದರಷ್ಟು ಇಳಿಯುತ್ತದೆ, ಒಟ್ಟು ಧ್ವನಿಯಲ್ಲಿ ಒಂದು ಡೆಸಿಬೆಲ್‌ಗೆ ಸ್ವಲ್ಪ ಕಡಿಮೆ ಕುಂದುತ್ತದೆ. ಇದು ಸಣ್ಣ ನಷ್ಟ. ದೊಡ್ಡ ನಷ್ಟ ಕೋನಿನ ಅಂಚಿನದು. ಅಂಚು ಬಟ್ಟೆಯದ್ದೋ ಮಡಚಿದ ಕಾಗದದ್ದೋ ಆಗಿದ್ದರೆ ಅರ್ಧ ಶತಮಾನ ಬಾಳುತ್ತದೆ. ಪಾಲಿಯುರೆಥೇನ್ ಫೋಮಿನದ್ದಾಗಿದ್ದರೆ ಗಾಳಿಯ ತೇವ ಅದರ ಅಣುಸರಪಣಿಯನ್ನೇ ಕತ್ತರಿಸುತ್ತ ಹೋಗುತ್ತದೆ, ಒಂದು ದಿನ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತದೆ. ಅಂಚು ಹರಿದ ವೂಫರ್‌ಗೆ ಯಾವ ಈಕ್ವಲೈಸರೂ ಬೇಸು ಕೊಡಲಾರದು. ಅಂಚನ್ನು ಬದಲಿಸಬೇಕು, ಅಷ್ಟೇ.

ಟ್ರೆಬಲ್ ಸತ್ತಿದೆ ಎಂಬ ದೂರಿನ ಮೂಲ ಬಹುಪಾಲು ಬೇಸನ್ನು ವೂಫರಿಗೂ ಟ್ರೆಬಲನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನಲ್ಲಿ ಇರುತ್ತದೆ. ಸಾಧಾರಣ ಬೆಲೆಯ ಹಳೆಯ ಪೆಟ್ಟಿಗೆಯ ಬೆನ್ನು ಬಿಚ್ಚಿದರೆ ಟ್ವೀಟರಿಗೆ ಹೋಗುವ ತಂತಿಯ ನಡುವೆ ಬೆರಳ ಗಾತ್ರದ ಒಂದು ಕೆಪಾಸಿಟರ್ ಕಾಣುತ್ತದೆ. ಅದರ ಮೇಲೆ 4.7 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಟ್ವೀಟರ್ 8 ಓಮಿನದು ಎಂದುಕೊಳ್ಳಿ. ಆಗ ಟ್ವೀಟರ್ ಸುಮಾರು 4,200 ಹರ್ಟ್ಜ್‌ನಿಂದ ಮೇಲಕ್ಕೆ ಹಾಡುವ ಹೊಣೆ ಹೊತ್ತಿರುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗಿನ ದ್ರವ ವರ್ಷಗಳಲ್ಲಿ ಒಣಗಿ ಅದರ ಮೌಲ್ಯ ಅರ್ಧಕ್ಕೆ ಇಳಿದರೆ ಟ್ವೀಟರಿನ ಕೆಲಸ 8,400ಕ್ಕೆ ಶುರುವಾಗುತ್ತದೆ. ವೂಫರ್ ತನ್ನ ಪಾಲು ಮುಗಿಸಿ ಹಿಂದೆ ಸರಿದಿರುತ್ತದೆ. ನಡುವಿನ ಒಂದು ಇಡೀ ಸ್ಥಾಯಿ ಯಾರಿಗೂ ಸೇರದೆ ಉಳಿಯುತ್ತದೆ, ಸಕಾರದ ಸದ್ದು, ಖಂಜಿರದ ಗೆಜ್ಜೆ, ತಂತಿಯ ಮೇಲಿನ ಮೀಟು ಮಂಕಾಗುತ್ತವೆ. ಕೆಪಾಸಿಟರಿನ ಒಳಪ್ರತಿರೋಧ 2 ಓಮಿನಷ್ಟು ಏರಿದರೆ ಟ್ವೀಟರಿನ ಒಟ್ಟು ಧ್ವನಿಯೇ 2 ಡೆಸಿಬೆಲ್ ಕುಸಿಯುತ್ತದೆ. ಮೀಟರಿನಲ್ಲಿ ನೋಡುವಾಗ ಒಂದು ಕಾಲಿನ ಸೋಲ್ಡರ್ ಬಿಡಿಸಿಯೇ ನೋಡಬೇಕು, ಸರ್ಕ್ಯೂಟಿನಲ್ಲಿದ್ದಾಗ ಸಿಗುವ ಅಂಕಿ ಸುಳ್ಳು. ಬದಲಿಗೆ ಅದೇ ಮೌಲ್ಯದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದರೆ ಮುಂದಿನ ಕೆಲವು ದಶಕಗಳ ಚಿಂತೆ ಇಲ್ಲ. ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸುವುದರಿಂದ ಸಿಗದ ಸ್ಪಷ್ಟತೆ ಈ ಒಂದು ಬಿಡಿಭಾಗದಿಂದ ಸಿಗುತ್ತದೆ. ಜೊತೆಗೆ ಇನ್ನೆರಡು ಪರೀಕ್ಷೆ: 8 ಓಮಿನ ವೂಫರ್ ಮಲ್ಟಿಮೀಟರಿನಲ್ಲಿ 6 ಓಮಿನ ಆಸುಪಾಸು ತೋರಿಸಬೇಕು, 1.5 ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಾಗಿಸಿದರೆ ಎರಡೂ ವೂಫರ್‌ಗಳ ಕೋನ್ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಜಿಗಿದರೆ ತಂತಿ ಅದಲುಬದಲಾಗಿದೆ. ಬೇಸು ಮಾಯವಾಗುವುದಕ್ಕೆ ಇದಕ್ಕಿಂತ ಅಗ್ಗದ ಕಾರಣ ಇನ್ನೊಂದಿಲ್ಲ.

ಸ್ಪೀಕರ್ ಸರಿಯಾದ ಮೇಲೂ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ, ಏಕೆಂದರೆ ಅದು ಕೋಣೆಯದು. ಎದುರುಬದುರಿನ ಎರಡು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಕೂರುವ ಆವರ್ತನದಲ್ಲಿ ಗಾಳಿ ತಾನೇ ಅನುರಣಿಸುತ್ತದೆ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,140 ಅಡಿ. ಹತ್ತು ಅಡಿ ಅಂತರದ ಗೋಡೆಗಳಿಗೆ ಆ ಆವರ್ತನ 57 ಹರ್ಟ್ಜ್. ಅದರ ದುಪ್ಪಟ್ಟು 114, ಮೂರು ಪಟ್ಟು 171. ಹನ್ನೆರಡು ಅಡಿಗೆ 47, ಹದಿನೈದು ಅಡಿಗೆ 38. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಈ ಉಬ್ಬುಗಳು ಚದುರಿಕೊಳ್ಳುತ್ತವೆ. ಹತ್ತಕ್ಕೆ ಹತ್ತರ ಕೋಣೆಗೆ ಹತ್ತು ಅಡಿಯ ಮೇಲೆ ಆರ್‌ಸಿಸಿ ಚಾವಣಿಯೂ ಇದ್ದರೆ ಮೂರೂ ದಿಕ್ಕಿನ ಉಬ್ಬು ಒಂದೇ ಜಾಗದಲ್ಲಿ ಬಂದು ಕೂರುತ್ತದೆ. ಸಂಗೀತ ಕೇಳಲು ಘನಾಕಾರದ ಕೋಣೆಯಷ್ಟು ಕೆಟ್ಟದ್ದು ಬೇರೆ ಇಲ್ಲ. ಸಣ್ಣ ಕೋಣೆಗಳಲ್ಲಿ ಕೋಣೆಯ ಈ ದರ್ಬಾರು ಸುಮಾರು 300 ಹರ್ಟ್ಜ್‌ವರೆಗೆ ನಡೆಯುತ್ತದೆ. ಮ್ಯಾನ್‌ಫ್ರೆಡ್ ಶ್ರೋಡರ್ ಕಂಡುಕೊಂಡ ಸೂತ್ರಕ್ಕೆ ಕೋಣೆಯ ಘನ ಅಳತೆ ಮತ್ತು ಧ್ವನಿ ಆರಲು ತಗಲುವ ಕಾಲವನ್ನು ಕೊಟ್ಟರೆ ಹತ್ತಡಿ ಘನದ ಕೋಣೆಗೆ ಬರುವ ಉತ್ತರ ಅಷ್ಟೇ. ಅದಕ್ಕಿಂತ ಕೆಳಗೆ ನಾವು ಕೇಳುವುದು ಸ್ಪೀಕರಿಗಿಂತ ಹೆಚ್ಚಾಗಿ ಕೋಣೆಯನ್ನು, ಮೇಲೆ ಕೋಣೆಗಿಂತ ಹೆಚ್ಚಾಗಿ ಸ್ಪೀಕರನ್ನು.

ಇದು ಬರೀ ಬೇಸಿನ ವಿಚಾರ ಎಂದು ತಳ್ಳಿಹಾಕುವಂತಿಲ್ಲ. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರಂಥ ಗಂಡು ದನಿಯನ್ನು ಕೇಳುವ ಸೀಮೆ ಇದು. ಗಾಯಕನ ಷಡ್ಜ 138 ಹರ್ಟ್ಜ್‌ನಲ್ಲಿದೆ ಎಂದು ಇಟ್ಟುಕೊಳ್ಳಿ. ಮಂದ್ರದ ಚತುಶ್ರುತಿ ಧೈವತ 115ರಿಂದ 117ರ ನಡುವೆ ಬೀಳುತ್ತದೆ. ಹತ್ತಡಿ ಕೋಣೆಯ ಎರಡನೇ ಉಬ್ಬು ಇರುವುದು 114ರಲ್ಲಿ. ಗಾಯಕ ಕೆಳಗಿಳಿದು ಆ ಸ್ವರ ಮುಟ್ಟಿದ ಕೂಡಲೇ ಅದೊಂದೇ ಊದಿಕೊಂಡು, ಅವನು ಮುಂದಿನ ಸ್ವರಕ್ಕೆ ಹೋದ ಮೇಲೂ ಕೋಣೆಯಲ್ಲಿ ನಿಲ್ಲುತ್ತದೆ. ಇನ್ನು ಪೆಟ್ಟಿಗೆಯ ಮುಖ ಹಿಂದಿನ ಗೋಡೆಯಿಂದ ಎರಡು ಅಡಿ ಮುಂದಿದ್ದರೆ, ಗೋಡೆಗೆ ಬಡಿದು ಮರಳಿದ ಅಲೆ ಅರ್ಧ ತರಂಗದಷ್ಟು ತಡವಾಗಿ ಬಂದು ಮುಂದಿನ ಅಲೆಯನ್ನು ಅಳಿಸುವ ಆವರ್ತನ 142 ಹರ್ಟ್ಜ್. ಅದು ಷಡ್ಜದ ಪಕ್ಕದಲ್ಲೇ ಇದೆ. ಅಂದರೆ ಧೈವತ ಊದಿಕೊಂಡಿದೆ, ಷಡ್ಜ ಟೊಳ್ಳಾಗಿದೆ, ಹಾಡಿನ ಆಧಾರವೇ ಅಲುಗಾಡಿದೆ. ದೋಷ ಗಾಯಕನದ್ದೂ ಅಲ್ಲ, ಸ್ಪೀಕರಿನದ್ದೂ ಅಲ್ಲ.

ಶಿವಮೊಗ್ಗದ ಕೋಟೆ ರಸ್ತೆಯ ಕಡೆ ಉಳಿದಿರುವಂಥ ಹಂಚಿನ ಮನೆಯಲ್ಲಿ ಇದೇ ಪೆಟ್ಟಿಗೆ ಬೇರೆ ರೀತಿ ನುಡಿಯುತ್ತದೆ. ಹಂಚಿನ ಸಂದು, ತೆರೆದ ಕಿಟಕಿ, ತೊಟ್ಟಿಯ ಕಡೆಗಿನ ಜಾಗಗಳಿಂದ ಬೇಸು ಹೊರಗೆ ಹರಿದುಹೋಗುತ್ತದೆ, ಗೋಡೆಗಳ ನಡುವೆ ಕಟ್ಟಿಕೊಳ್ಳುವುದಿಲ್ಲ. ಇಳಿಜಾರು ಮಾಡಿನಿಂದಾಗಿ ಮೇಲೆ ಕೆಳಗೆ ಸಮಾನಾಂತರ ಮೇಲ್ಮೈಗಳೂ ಇಲ್ಲ. ವ್ಯಾಲೇಸ್ ಸಬೈನ್ 1895ರಲ್ಲಿ ಹಾರ್ವರ್ಡಿನ ಉಪನ್ಯಾಸ ಕೋಣೆಯಲ್ಲಿ ಕುರ್ಚಿಯ ದಿಂಬುಗಳನ್ನು ತಂದು ಹಾಕಿ, ತೆಗೆದು ಅಳೆದು ಕೋಣೆಗಳ ಧ್ವನಿವಿಜ್ಞಾನಕ್ಕೆ ಅಡಿಪಾಯ ಹಾಕಿದಾಗ, ಹೀರಿಕೆಯ ಅಳತೆಗೋಲಾಗಿ ಆರಿಸಿಕೊಂಡದ್ದು ತೆರೆದ ಕಿಟಕಿಯನ್ನೇ: ಅದರ ಮೂಲಕ ಹೋದ ಶಬ್ದ ಮರಳಿ ಬರುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಆ ಅಳತೆಗೋಲು ಧಾರಾಳವಾಗಿದೆ. ಆದ್ದರಿಂದ ಅಜ್ಜನ ಮನೆಯಲ್ಲಿ ಚೆನ್ನಾಗಿದ್ದ ಸ್ಪೀಕರ್ ವಿನೋಬನಗರದ ಆರ್‌ಸಿಸಿ ಮನೆಗೆ ಬಂದು ಕೆಟ್ಟುಹೋಯಿತು ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಕೆಟ್ಟದ್ದು ಪೆಟ್ಟಿಗೆಯಲ್ಲ, ಅದರ ಜೊತೆ ನುಡಿಯುವ ಗೋಡೆಗಳು ಬದಲಾದವು.

ಜಾಗ ಬದಲಿಸಲು ಖರ್ಚಿಲ್ಲ, ಆದರೆ ಅದರಷ್ಟು ಫಲ ಕೊಡುವ ಉಪಾಯವೂ ಇಲ್ಲ. ಮೂಲೆಯಲ್ಲಿ ನೆಲದ ಮೇಲೆ ಇಟ್ಟ ಪೆಟ್ಟಿಗೆಗೆ ಎರಡು ಗೋಡೆ ಮತ್ತು ನೆಲ, ಮೂರೂ ಸೇರಿ ಬೇಸನ್ನು ಉಬ್ಬಿಸುತ್ತವೆ. ಮೂಲೆಯಿಂದ ಎರಡು ಮೂರು ಅಡಿ ಸರಿಸಿ, ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ಎತ್ತಿದರೆ ದೂರಿನ ಅರ್ಧ ಅಲ್ಲೇ ಮುಗಿಯುತ್ತದೆ. ಹಿಂದಿನ ಗೋಡೆಯಿಂದ ಮತ್ತು ಪಕ್ಕದ ಗೋಡೆಯಿಂದ ಒಂದೇ ಅಂತರ ಬೇಡ, ಮರಳಿದ ಅಲೆ ಅಳಿಸಿ ಉಂಟಾಗುವ ಎರಡೂ ಕುಳಿಗಳು ಒಂದರ ಮೇಲೊಂದು ಬೀಳುತ್ತವೆ. ಕೇಳುವವರ ಕುರ್ಚಿ ಗೋಡೆಗೆ ಒರಗಿರುವುದೂ ಬೇಡ, ಏಕೆಂದರೆ ಕೋಣೆಯ ಎಲ್ಲ ಉಬ್ಬುಗಳೂ ಗೋಡೆಯ ಬುಡದಲ್ಲಿ ಪೂರ್ತಿ ಬಲದಲ್ಲಿರುತ್ತವೆ.

ಇಷ್ಟಾದ ಮೇಲೆ ಅಳತೆ. ಫೋನಿನ ಮೈಕ್ ಪೂರ್ತಿ ನಂಬಿಕಸ್ಥವಲ್ಲ. ಎತ್ತರದ ಆವರ್ತನಗಳಲ್ಲಿ ಒಂದೊಂದು ಫೋನು ಒಂದೊಂದು ಹೇಳುತ್ತದೆ, ಬಹಳ ಕೆಳಗಿನ ಬೇಸನ್ನು ಕೆಲವು ಫೋನುಗಳು ಕತ್ತರಿಸಿಯೇ ಬಿಡುತ್ತವೆ. ಆದರೂ 80ರಿಂದ 300 ಹರ್ಟ್ಜ್‌ ನಡುವಿನ ಉಬ್ಬು ತಗ್ಗುಗಳನ್ನು ಪತ್ತೆ ಮಾಡಲು ಅದು ಸಾಕು. ಮಾಪನಾಂಕ ಕಡತದ ಜೊತೆ ಬರುವ ಯುಎಸ್‌ಬಿ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯು ವಿಝರ್ಡ್ ತಂತ್ರಾಂಶ ಇದ್ದರೆ ಕೆಲಸ ನಿಖರವಾಗುತ್ತದೆ. ಒಂದೇ ಪೆಟ್ಟಿಗೆಯನ್ನು ನುಡಿಸಿ, ಕೆಳಗಿನಿಂದ ಮೇಲಕ್ಕೆ ಜಾರುವ ಸ್ವರವೊಂದನ್ನು ಹರಿಸಿ, ತಲೆ ಇರುವ ಜಾಗದ ಸುತ್ತ ಗೇಣಳತೆಯ ಅಂತರದಲ್ಲಿ ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಬೇಕು. ಒಂದೇ ಬಿಂದುವಿನ ಅಳತೆಯನ್ನು ನಂಬಿ ತಿದ್ದಿದರೆ ಆ ಬಿಂದುವಿಗೆ ಮಾತ್ರ ಸರಿಹೋಗುತ್ತದೆ, ತಲೆ ತುಸು ವಾಲಿದರೆ ಮತ್ತೆ ತಪ್ಪು.

ಅಳತೆಯ ಗೆರೆಯಲ್ಲಿ ಕಾಣುವ ಎಲ್ಲ ಏರಿಳಿತಗಳೂ ತಿದ್ದುವಂಥವಲ್ಲ. ಉಬ್ಬನ್ನು ಇಳಿಸಬಹುದು. ಉಬ್ಬು ಎಂದರೆ ಶಕ್ತಿ ಕೂಡಿಕೊಂಡಿರುವುದು. ಅದೇ ಆವರ್ತನಕ್ಕೆ, ಅದೇ ಅಗಲಕ್ಕೆ ಫಿಲ್ಟರ್ ಕೂರಿಸಿದರೆ ಎತ್ತರ ಇಳಿಯುತ್ತದೆ, ಅದರ ಗುಂಗು ನಿಲ್ಲುವ ಕಾಲವೂ ಕಡಿಮೆಯಾಗುತ್ತದೆ. ಕುಳಿಯನ್ನು ಮಾತ್ರ ತುಂಬಲಾಗುವುದಿಲ್ಲ. ಆಳವಾದ ಕುಳಿ ಎಂದರೆ ಎರಡು ಅಲೆಗಳು ಒಂದನ್ನೊಂದು ಅಳಿಸಿಕೊಂಡಿವೆ. ಸ್ಪೀಕರನ್ನು ಜೋರು ಮಾಡಿದರೆ ಅಳಿಸುವ ಅಲೆಯೂ ಅಷ್ಟೇ ಜೋರಾಗುತ್ತದೆ. ಈ ವ್ಯರ್ಥ ಏರಿಕೆಗೆ ತೆರುವ ಬೆಲೆ ದೊಡ್ಡದು. 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ವಿದ್ಯುತ್ ಕೊಡಬೇಕು. 2 ವ್ಯಾಟ್‌ನಲ್ಲಿ ಹಾಡುತ್ತಿದ್ದ 15 ವ್ಯಾಟಿನ ಆಂಪ್ಲಿಫೈಯರ್‌ನಿಂದ ಆಗ 20 ವ್ಯಾಟ್ ಕೇಳಿದಂತಾಗುತ್ತದೆ. ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ, ಆ ಕರ್ಕಶದಲ್ಲಿ ಮೊದಲು ಸುಡುವುದು ಟ್ವೀಟರ್. ವೂಫರಿನ ಕಷ್ಟ ಬೇರೆ. ಅಷ್ಟೇ ಧ್ವನಿಯನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. 80ರಿಂದ 40 ಹರ್ಟ್ಜ್‌ಗೆ ಇಳಿಯುವಾಗ ಒಂದು ಮಿಲಿಮೀಟರ್ ನಾಲ್ಕಾಗುತ್ತದೆ, ಹಳೆಯ ವೂಫರಿನ ಕಾಯಿಲ್ ಅಯಸ್ಕಾಂತದ ಸಂದಿಯಿಂದ ಹೊರಗೆ ಬಂದುಬಿಡುತ್ತದೆ. ಪೆಟ್ಟಿಗೆಯ ಗಾತ್ರ, ಅದರ ತೂತು ಮತ್ತು ವೂಫರಿನ ಗುಣಗಳನ್ನು ಲೆಕ್ಕದಿಂದ ಹೊಂದಿಸುವ ವಿದ್ಯೆಯನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಬರೆದರೂ ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು 1971ರ ಮರುಮುದ್ರಣದ ನಂತರ, ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದಾಗ. ಅಂದಾಜಿನ ಮೇಲೆ ಕಟ್ಟಿದ ಪೆಟ್ಟಿಗೆ ಎಲ್ಲಿ ಸೋಲುತ್ತದೋ ಅಲ್ಲಿಗೆ ಬಿಡುವುದೇ ಒಳ್ಳೆಯದು. ಎರಡು ಮೂರು ಉಬ್ಬುಗಳನ್ನು ಐದಾರು ಡೆಸಿಬೆಲ್ ಇಳಿಸಿದರೆ ಸಾಕು. ಅವು ಮುಚ್ಚಿಟ್ಟಿದ್ದ ಬೇಸು ತಾನಾಗಿ ಕೇಳತೊಡಗುತ್ತದೆ.

ಕಿವಿಯೇ ಕೊನೆಯ ನ್ಯಾಯಾಧೀಶ, ಅಳತೆ ಯಾಕೆ ಎಂಬುದು ಎರಡನೇ ಆಕ್ಷೇಪ. ಕೊನೆಯ ಮಾತು ಕಿವಿಯದೇ, ಒಪ್ಪಬೇಕು. ಆದರೆ ಕಿವಿ ಬೇಗ ಹೊಂದಿಕೊಳ್ಳುತ್ತದೆ, ತುಸು ಜೋರಾದದ್ದನ್ನು ಉತ್ತಮ ಎಂದು ತೀರ್ಪು ಕೊಡುತ್ತದೆ, ವಯಸ್ಸಾದಂತೆ ಮೇಲಿನ ಆವರ್ತನಗಳನ್ನು ಕಳೆದುಕೊಳ್ಳುತ್ತ ಬರುತ್ತದೆ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಪರದೆಯ ಹಿಂದೆ ಸ್ಪೀಕರ್ ಇಟ್ಟು, ಜೋರನ್ನು ಸಮ ಮಾಡಿ, ಹೆಸರು ತಿಳಿಸದೆ ಕೇಳಿಸಿದಾಗ ಜನರ ಆಯ್ಕೆಗಳು ಬಹುಮಟ್ಟಿಗೆ ಒಂದೇ ಕಡೆ ವಾಲಿದವು: ಏರಿಳಿತ ಕಡಿಮೆ ಇರುವ, ಪಕ್ಕಕ್ಕೂ ಅದೇ ಬಣ್ಣದ ಧ್ವನಿ ಬೀರುವ ಸ್ಪೀಕರ್‌ಗಳ ಕಡೆಗೆ. ಕಣ್ಣು ಮುಚ್ಚಿದ ಕಿವಿಯ ತೀರ್ಪಿಗೂ ಮೀಟರಿನ ತೀರ್ಪಿಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ. ಅದೇ ಸಾಕ್ಷ್ಯ ಮೂರನೇ ಆಕ್ಷೇಪಕ್ಕೂ ಉತ್ತರ. ಒಂದು ಗುಂಡಿ ಒತ್ತಿದರೆ ಇಡೀ ಗೆರೆಯನ್ನು ನೇರ ಮಾಡುವ ಯಂತ್ರ ಈಗ ಸಿಗುವಾಗ ಇಷ್ಟೆಲ್ಲ ಯಾಕೆ ಎಂದರೆ, ಪಕ್ಕಕ್ಕೆ ಬೀರುವ ಧ್ವನಿಯನ್ನು ಈಕ್ವಲೈಸರ್ ಬೇರೆಯಾಗಿ ತಿದ್ದಲಾರದು. ಮುಂದಿನದನ್ನು ನೇರ ಮಾಡಲು ಹೋಗಿ ಪಕ್ಕದ್ದನ್ನು ಇನ್ನಷ್ಟು ಡೊಂಕು ಮಾಡಬಹುದು, ಕೋಣೆ ಎರಡನ್ನೂ ಬೆರೆಸಿ ಕಿವಿಗೆ ತಲುಪಿಸುತ್ತದೆ. ಆದ್ದರಿಂದ 300 ಹರ್ಟ್ಜ್‌ ಮೇಲೆ ಕೈ ಬಿಗಿಯಾಗಿರಲಿ. ಅಲ್ಲಿ ಬೇಕಾದರೆ ಒಂದೆರಡು ಡೆಸಿಬೆಲ್‌ನ ಅಗಲವಾದ, ಮೆಲ್ಲನೆಯ ತಿದ್ದುಪಡಿ, ಅಷ್ಟೇ.

ಏರಿಸಬಾರದು ಎಂಬ ನಿಯಮಕ್ಕೆ ಒಂದು ನ್ಯಾಯವಾದ ವಿನಾಯಿತಿ ಇದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ ಧ್ವನಿ ಮೆಲ್ಲಗಾದಷ್ಟೂ ಕಿವಿ ಬೇಸಿಗೆ ಕಿವುಡಾಗುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುವಾಗ ‘ಲೌಡ್‌ನೆಸ್’ ಗುಂಡಿ ಒತ್ತುವುದು ತಪ್ಪಲ್ಲ. ಆ ಜೋರಿನಲ್ಲಿ ಕೋನ್‌ಗೂ ಆಂಪ್ಲಿಫೈಯರ್‌ಗೂ ಎಷ್ಟೋ ಉಸಿರು ಬಾಕಿ ಇರುತ್ತದೆ. ಬೆಳಿಗ್ಗೆ ಜೋರು ಮಾಡುವಾಗ ಅದನ್ನು ಆರಿಸಲು ಮರೆಯಬಾರದು.

ಉಳಿದದ್ದು ಧ್ವನಿಮುದ್ರಣ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರದು. ಅದನ್ನು ಇಂದು ಹಾಕಿದರೆ ಮಂಕಾಗಿ ಕೇಳಿಸಬಹುದು. ಟೇಪು ಸವೆದಿರಬಹುದು, ಡೆಕ್ಕಿನ ಹೆಡ್ಡು ಟೇಪಿಗೆ ಲಂಬವಾಗಿರದೆ ಓರೆಯಾಗಿರಬಹುದು. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಹಾಡು ಕೇಳುತ್ತಲೇ ಕೂದಲೆಳೆಯಷ್ಟು ತಿರುಗಿಸಿ, ಟ್ರೆಬಲ್ ಅತಿ ಹೆಚ್ಚು ತೆರೆದುಕೊಳ್ಳುವ ಜಾಗದಲ್ಲಿ ನಿಲ್ಲಿಸುವುದು ಅದರ ಮದ್ದು. ಆ ಮೇಲೂ ಕೊರತೆ ಉಳಿದರೆ ಬ್ಯಾಕ್ಸಂಡಾಲನ ಟ್ರೆಬಲ್ ಗುಂಡಿ ಇದೆ. ಆ ಕ್ಯಾಸೆಟ್ಟಿಗಾಗಿ ಏರಿಸಿ, ಮುಂದಿನ ಹಾಡಿಗೆ ಇಳಿಸಿಕೊಳ್ಳಬಹುದು. ಕೋಣೆಗಾಗಿ ಒಮ್ಮೆ ಕೂರಿಸಿದ ಈಕ್ವಲೈಸರನ್ನು ಮಾತ್ರ ಹಾಡು ಬದಲಾದಾಗ ಮುಟ್ಟಬಾರದು. ಪೆಟ್ಟಿಗೆ ಸರಿದಾಗ, ಕೋಣೆಗೆ ಹೊಸ ಬೀರುವೋ ಸೋಫಾವೋ ಬಂದಾಗ, ಮನೆಯೇ ಬದಲಾದಾಗ ಮತ್ತೆ ಅಳೆದು ಕೂರಿಸಬೇಕು.